ರಕ್ತ ತೆಗೆಯುವ ಮುಂಚೆ ಎರಡು ಮಾತು ಕೇಳಿ: ಖಾಸಗಿ ಲ್ಯಾಬ್‌ಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ರಾಜ್ಯದ ಖಾಸಗಿ ಪ್ರಯೋಗಾಲಯಗಳ ಮಾಲೀಕರು, ಅಲ್ಲಿ ವರದಿಗೆ ಸಹಿ ಹಾಕುವ ಪೆಥಾಲಜಿಸ್ಟರು ಮತ್ತು ಮೈಕ್ರೋಬಯಾಲಜಿಸ್ಟರು, ಮೊಬೈಲ್ ಆ್ಯಪ್‌ಗಳಲ್ಲಿ ‘ಎಸ್‌ಟಿಡಿ ಫುಲ್ ಪ್ಯಾಕೇಜ್’ (ಲೈಂಗಿಕ ರೋಗಗಳ ಪರೀಕ್ಷೆಗಳ ಕಟ್ಟು) ಮಾರುವವರು.

ವಿಷಯ: ಸೋಂಕಿನ ಅಪಾಯ ಇಲ್ಲದ, ಇಲ್ಲವೇ ತೀರಾ ಕಡಿಮೆಯಿರುವ ಸಂಪರ್ಕದ ನಂತರ ಹೆದರಿ ಬರುವವರಿಗೆ ಅನಗತ್ಯ ಪರೀಕ್ಷೆ ಮಾಡುತ್ತಿರುವ ಬಗ್ಗೆ.

ಮಾನ್ಯರೇ,

ನಾವು ಲೈಂಗಿಕ ಆರೋಗ್ಯದ ಚಿಕಿತ್ಸೆ ಮತ್ತು ಆಪ್ತಸಮಾಲೋಚನೆಯಲ್ಲಿ ತೊಡಗಿರುವವರು. ನಮ್ಮಲ್ಲಿಗೆ ಬರುವವರಲ್ಲಿ ಒಂದು ಗುಂಪಿನವರ ಪರವಾಗಿ ಈ ಪತ್ರ. ಅವರಿಗೆ ಸೋಂಕಿಲ್ಲ, ಎಚ್‌ಐವಿ ತಗಲುವಂಥದ್ದು ನಡೆದೂ ಇಲ್ಲ. ನಡೆದದ್ದು ಒಂದು ಮುತ್ತು, ಮಸಾಜ್ ಪಾರ್ಲರಿನಲ್ಲಿ ಯಾರೋ ಕೈಯಿಂದ ಮಾಡಿದ ಹಸ್ತಮೈಥುನ, ಅಥವಾ ಮೊದಲಿನಿಂದ ಕೊನೆವರೆಗೂ ಕಾಂಡೋಮ್ ಇದ್ದ ಒಂದು ಸಂಭೋಗ. ಆದರೂ ಅವರ ಕೈಯಲ್ಲಿ ದಪ್ಪನೆಯ ಫೈಲು ಇರುತ್ತದೆ. ಮೂರನೇ ದಿನಕ್ಕೆ ಎಚ್‌ಐವಿ ಪಿಸಿಆರ್ (ವೈರಸ್ಸನ್ನೇ ಹುಡುಕುವ ಪರೀಕ್ಷೆ), ವಾರಕ್ಕೆ ಹರ್ಪಿಸ್ ಐಜಿಎಂ, ಎರಡು ವಾರಕ್ಕೆ ಕ್ಲಮೈಡಿಯಾ ಐಜಿಜಿ (ಐಜಿಎಂ, ಐಜಿಜಿ ಎಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಆ್ಯಂಟಿಬಾಡಿಗಳ ಎರಡು ಬಗೆ), ಮಧ್ಯೆ ಒಂದು ಸಿಡಿ4 ಕೌಂಟ್ (ರೋಗನಿರೋಧಕ ಬಿಳಿ ರಕ್ತಕಣಗಳ ಎಣಿಕೆ), ಆಮೇಲೆ ಬೇರೆ ಲ್ಯಾಬಿನಲ್ಲಿ ಮತ್ತೆ ಅವೇ ಪರೀಕ್ಷೆಗಳು. ನಿದ್ದೆ ಬಿಟ್ಟು, ಊಟ ಬಿಟ್ಟು, ಹೆಂಡತಿಯ ಪಕ್ಕ ಮಲಗಲೂ ಅಂಜಿ, ತಟ್ಟೆ ಲೋಟ ಬೇರೆ ಇಟ್ಟುಕೊಂಡಿರುತ್ತಾರೆ. ಮಗುವಿನ ಕೆನ್ನೆಗೆ ಮುತ್ತಿಡುವುದನ್ನೂ ನಿಲ್ಲಿಸಿರುತ್ತಾರೆ. ಈ ಸಂಕಟವನ್ನು ನಿಮ್ಮ ಪ್ಯಾಕೇಜುಗಳು ಕಡಿಮೆ ಮಾಡುತ್ತಿಲ್ಲ, ಬೆಳೆಸುತ್ತಿವೆ ಎಂಬುದೇ ನಮ್ಮ ದೂರು. ಕಾರಣಗಳನ್ನು ಬಿಡಿಸಿ ಹೇಳುತ್ತೇವೆ.

ಮೊದಲು ಅಪಾಯದ ಲೆಕ್ಕ. ಮುತ್ತಿನಿಂದ, ಅಪ್ಪುಗೆಯಿಂದ, ಕೈಯಿಂದ ಮುಟ್ಟಿದ್ದರಿಂದ, ಲಾಡ್ಜಿನ ಟವೆಲ್ಲಿನಿಂದ, ಶೌಚಾಲಯದ ಸೀಟಿನಿಂದ, ಸೊಳ್ಳೆಯಿಂದ ಎಚ್‌ಐವಿ ಬರುವುದಿಲ್ಲ. ದೇಹದಿಂದ ಹೊರಬಿದ್ದು ಗಾಳಿಗೆ ಒಡ್ಡಿಕೊಂಡ ವೈರಸ್ಸು ಕೈ ಚರ್ಮದ ಮೂಲಕ ಒಳಹೋಗುವುದಿಲ್ಲ. ಬಾಯಿಯ ಮೂಲಕ ನಡೆದ ಸಂಭೋಗದಲ್ಲಿ ಎಚ್‌ಐವಿ ಅಪಾಯ ಇಲ್ಲವೆನ್ನುವಷ್ಟು ಕಡಿಮೆ. ಇನ್ನು ನಿಜವಾದ ಅಪಾಯ ಎನ್ನುವುದು ಎಷ್ಟಿದೆ? ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಅಂದಾಜಿನ ಪ್ರಕಾರ, ಸಂಗಾತಿಗೆ ಎಚ್‌ಐವಿ ಇದ್ದು, ಚಿಕಿತ್ಸೆಯೂ ಇಲ್ಲದೆ, ಕಾಂಡೋಮೂ ಇಲ್ಲದೆ ನಡೆಯುವ ಯೋನಿ ಸಂಭೋಗದಲ್ಲಿ 10,000 ಸಲಕ್ಕೆ ಗಂಡಸಿಗೆ ಸುಮಾರು 4 ಬಾರಿ, ಹೆಂಗಸಿಗೆ ಸುಮಾರು 8 ಬಾರಿ ಸೋಂಕು ದಾಟಬಹುದು. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಅದು ಸುಮಾರು 138. ಸಂಗಾತಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ಸು ಪತ್ತೆಯಾಗದ ಮಟ್ಟಕ್ಕೆ ಇಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಹರಡುವುದೇ ಇಲ್ಲ. ಇಷ್ಟನ್ನು ನಿಮ್ಮ ಕೌಂಟರಿನಲ್ಲಿ ಕೂತವರು ಹೇಳಬಲ್ಲವರಾಗಿದ್ದರೆ, ಪ್ಯಾಕೇಜು ಕೇಳಿಕೊಂಡು ಬಂದವರಲ್ಲಿ ಎಷ್ಟೋ ಜನ ರಕ್ತ ಕೊಡದೆಯೇ ನಿರಾಳವಾಗಿ ಮನೆಗೆ ಹೋಗುತ್ತಿದ್ದರು.

ಕಡಿಮೆ ಅಪಾಯ ಎಂದರೆ ಎಲ್ಲಕ್ಕೂ ಶೂನ್ಯ ಎಂದಲ್ಲ, ಅದನ್ನೂ ಮುಚ್ಚಿಡಬಾರದು. ಬಾಯಿ ಸಂಭೋಗದಿಂದ ಗೊನೋರಿಯಾ, ಸಿಫಿಲಿಸ್, ಹರ್ಪಿಸ್ ಬರಬಹುದು. ಕಾಂಡೋಮ್ ಮುಚ್ಚದ ಚರ್ಮದಿಂದ ಹರ್ಪಿಸ್, ಎಚ್‌ಪಿವಿ (ಜನನಾಂಗದ ನರಹುಲಿಗೆ ಕಾರಣವಾಗುವ ವೈರಸ್ಸು) ದಾಟಬಹುದು. ಆದ್ದರಿಂದ ಏನು ನಡೆಯಿತು, ಯಾವತ್ತು ನಡೆಯಿತು ಎಂದು ಕೇಳದೆ ಯಾರಿಗೂ ಪರೀಕ್ಷೆ ಬೇಕೆಂದೂ ಹೇಳಲಾಗದು, ಬೇಡವೆಂದೂ ಹೇಳಲಾಗದು. ನಿಮ್ಮ ಆ್ಯಪ್ ವಿಳಾಸ ಕೇಳುತ್ತದೆ, ಪಿನ್‌ಕೋಡ್ ಕೇಳುತ್ತದೆ, ಕೂಪನ್ ಕೋಡ್ ಕೇಳುತ್ತದೆ. ಈ ಎರಡು ಪ್ರಶ್ನೆ ಮಾತ್ರ ಕೇಳುವುದಿಲ್ಲ.

‘ಯಾವತ್ತು’ ಎನ್ನುವ ಪ್ರಶ್ನೆ ಏಕೆ ಮುಖ್ಯವೆಂದರೆ, ಪ್ರತಿ ಪರೀಕ್ಷೆಗೂ ಒಂದು ವಿಂಡೋ ಅವಧಿ ಇದೆ, ಅಂದರೆ ಸಂಪರ್ಕವಾದ ದಿನದಿಂದ ಸೋಂಕು ಪರೀಕ್ಷೆಯಲ್ಲಿ ಕಾಣುವವರೆಗಿನ ಕಾಲ. ಎಚ್‌ಐವಿಯ ಆರ್‌ಎನ್‌ಎ (ವಂಶವಾಹಿ ಅಂಶ) ಹುಡುಕುವ ಪಿಸಿಆರ್‌ನಂಥ ಪರೀಕ್ಷೆಗೆ 10ರಿಂದ 33 ದಿನ ಬೇಕು. ತೋಳಿನಿಂದ ರಕ್ತ ತೆಗೆದು ಲ್ಯಾಬಿನ ಯಂತ್ರದಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ, ಅಂದರೆ ವೈರಸ್ಸಿನದೇ ಭಾಗವಾದ ಪಿ24 ಆ್ಯಂಟಿಜೆನ್ ಮತ್ತು ಆ್ಯಂಟಿಬಾಡಿ ಎರಡನ್ನೂ ನೋಡುವಂಥದ್ದು, 18ರಿಂದ 45 ದಿನದಲ್ಲಿ ಸೋಂಕು ಹಿಡಿಯುತ್ತದೆ. ಆ್ಯಂಟಿಬಾಡಿಯನ್ನಷ್ಟೇ ನೋಡುವ ಕಿಟ್‌ಗಳಿಗೆ 23ರಿಂದ 90 ದಿನ. ಸರ್ಕಾರಿ ಕೇಂದ್ರದಲ್ಲಿ ಮೂರು ತಿಂಗಳಿಗೆ ಮತ್ತೆ ಬರಲು ಹೇಳುವುದು ಈ ಕಾರಣಕ್ಕೇ. ಹೀಗಿರುವಾಗ ಮೂರನೇ ದಿನ ಮಾಡಿದ ಪಿಸಿಆರ್ ಏನು ಹೇಳೀತು? ಏನೂ ಇಲ್ಲ. ನೆಗೆಟಿವ್ ಬಂದ ಸಮಾಧಾನ ಸಂಜೆಯವರೆಗೂ ಉಳಿಯುವುದಿಲ್ಲ. ರಾತ್ರಿ ಮೊಬೈಲಿನಲ್ಲಿ ‘ವಿಂಡೋ ಪೀರಿಯಡ್’ ಎಂಬ ಮಾತು ಕಣ್ಣಿಗೆ ಬೀಳುತ್ತದೆ, ಬೆಳಿಗ್ಗೆ ಇನ್ನೊಂದು ಲ್ಯಾಬಿನ ಬುಕಿಂಗ್ ಆಗುತ್ತದೆ. ಹಣ ಪಡೆಯುವ ಮುಂಚೆಯೇ ಈ ಮಾತನ್ನು ಅವರಿಗೆ ತಿಳಿಸುವುದು ನಿಮ್ಮ ಹೊಣೆಯಾಗಿತ್ತು.

ಈಗ ವರದಿಯ ಕಾಗದಕ್ಕೆ ಬರೋಣ. ನಾಲ್ಕನೇ ತಲೆಮಾರಿನ ಪರೀಕ್ಷೆಯ ವರದಿಯಲ್ಲಿ ‘ನಾನ್ ರಿಯಾಕ್ಟಿವ್’ (ನೆಗೆಟಿವ್) ಎಂಬ ಪದದ ಪಕ್ಕ ಒಂದು ಅಂಕಿ ಇರುತ್ತದೆ, ಎಸ್/ಸಿಒ ಅನುಪಾತ, ಅಂದರೆ ಯಂತ್ರ ಅಳೆದ ಸಂಕೇತವನ್ನು ಪಾಸಿಟಿವ್ ಎನ್ನುವ ಗಡಿಯಂಕಿಯಿಂದ ಭಾಗಿಸಿದ್ದು. ಮೊದಲ ಸಲ 0.09, ಮುಂದಿನ ಸಲ 0.17, ಅದರ ಮುಂದಿನ ಸಲ 0.26 ಎಂದಿಟ್ಟುಕೊಳ್ಳಿ. 1.0ಕ್ಕಿಂತ ಕೆಳಗಿದ್ದರೆ ಮೂರೂ ಒಂದೇ, ಮೂರೂ ನೆಗೆಟಿವ್. ರೀಏಜೆಂಟ್ (ಪರೀಕ್ಷೆಯ ರಾಸಾಯನಿಕ) ಬ್ಯಾಚ್ ಬದಲಾದರೂ, ಯಂತ್ರ ಬದಲಾದರೂ ಆ ಅಂಕಿ ಹೀಗೆ ಅಲ್ಲಾಡುತ್ತದೆ. ಆದರೆ ಹೆದರಿದವರ ಕಣ್ಣಿಗೆ ಅದು ಏರುತ್ತಿರುವ ವೈರಸ್ಸು. ಮೂರೂ ವರದಿಗಳಲ್ಲಿ ಆ ಅಂಕಿಗೆ ಪೆನ್ನಿನಿಂದ ಸುತ್ತು ಹಾಕಿ, ಅಂಚಿನಲ್ಲಿ ದಿನಾಂಕ ಬರೆದು, ಗ್ರಾಫ್ ಎಳೆದು ತರುತ್ತಾರೆ. ವರದಿಯ ಕೆಳಗೆ ಕನ್ನಡದಲ್ಲಿ ಒಂದು ಸಾಲು ಇದ್ದಿದ್ದರೆ ಆ ಗ್ರಾಫ್ ಹುಟ್ಟುತ್ತಲೇ ಇರಲಿಲ್ಲ. ಈಗ ಅಲ್ಲಿರುವುದು ಇಂಗ್ಲಿಷಿನ ಸಣ್ಣಕ್ಷರದ ಷರತ್ತುಗಳು ಮತ್ತು ‘ಕ್ಲಿನಿಕಲ್ ಕೋರಿಲೇಶನ್ ಅಗತ್ಯ’ (ರೋಗಲಕ್ಷಣದ ಜೊತೆ ತಾಳೆ ನೋಡಬೇಕು) ಎಂಬ, ಓದುಗರನ್ನು ಇನ್ನಷ್ಟು ಹೆದರಿಸುವ ವಾಕ್ಯ.

ಹರ್ಪಿಸ್ ವಿಷಯದಲ್ಲಿ ನಮ್ಮ ಆಕ್ಷೇಪ ಇನ್ನೂ ತೀವ್ರ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ 50 ವರ್ಷದೊಳಗಿನವರಲ್ಲಿ ಶೇ. 64ರಷ್ಟು ಜನರಿಗೆ ಎಚ್‌ಎಸ್‌ವಿ-1, ಅಂದರೆ ಹರ್ಪಿಸ್ ವೈರಸ್ಸಿನ ಒಂದನೇ ಬಗೆ, ಇದೆ. ಹೆಚ್ಚಿನವರಿಗೆ ಅದು ಚಿಕ್ಕಂದಿನಲ್ಲಿಯೇ ಮನೆಯವರ ಮುದ್ದಿನಿಂದ ಬಂದದ್ದು. ಜ್ವರ ಬಂದಾಗ ತುಟಿಯಂಚಿಗೆ ಏಳುವ ಗುಳ್ಳೆ ಅದೇ. ಹೀಗಿರುವಾಗ ‘ಹರ್ಪಿಸ್ 1+2 ಐಜಿಜಿ ಪಾಸಿಟಿವ್’ ಎಂದು ಬೇರ್ಪಡಿಸದೆ ಬರೆದುಕೊಟ್ಟರೆ, ಹೋದ ವಾರದ ಭೇಟಿಯಿಂದಲೇ ಬಂತು ಎಂದು ಆತ ನಂಬದೆ ಇನ್ನೇನು ಮಾಡಿಯಾನು? ಐಜಿಎಂ ಅಂತೂ ಹೊಸ ಸೋಂಕಿನ ಗುರುತೇ ಅಲ್ಲ. ಹಳೆಯದು ಮರುಕಳಿಸಿದಾಗಲೂ ಬರುತ್ತದೆ, ಒಂದನೇ ಬಗೆ ಯಾವುದು ಎರಡನೇ ಬಗೆ ಯಾವುದು ಎಂದೂ ತಿಳಿಸುವುದಿಲ್ಲ. ಎಚ್‌ಎಸ್‌ವಿ-2 ಐಜಿಜಿಯಲ್ಲೂ 1.1ರಿಂದ 3.0ರ ನಡುವೆ ಅಂಕಿ ಬಂದರೆ ಸುಳ್ಳು ಪಾಸಿಟಿವ್ ಆಗುವ ಸಾಧ್ಯತೆ ಬಹಳ. ಗುಳ್ಳೆಯೇ ಇಲ್ಲದವರಿಗೆ ಹರ್ಪಿಸ್ ರಕ್ತಪರೀಕ್ಷೆ ಮಾಡುವುದು ಬೇಡ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತಿರುವುದು ಇದಕ್ಕೇ. ಗುಳ್ಳೆ ಎದ್ದಿದ್ದರೆ, ಅದು ಒಣಗುವ ಮೊದಲು ಅಲ್ಲಿಂದಲೇ ಸ್ವ್ಯಾಬ್ ತೆಗೆದು ಪಿಸಿಆರ್ ಮಾಡಬೇಕು. ಈ ಎರಡನ್ನೂ ತಿಳಿದೇ ನೀವು ಪ್ಯಾಕೇಜಿನಲ್ಲಿ ಐಜಿಎಂ ಇಟ್ಟಿದ್ದೀರಿ ಎಂದರೆ ಅದು ತಪ್ಪು, ಮತ್ತು ಆ ತಪ್ಪಿನಿಂದ ನಿಶ್ಚಿತಾರ್ಥಗಳು ಮುರಿದಿವೆ.

ಕ್ಲಮೈಡಿಯಾಗೆ ರಕ್ತದಲ್ಲಿ ಐಜಿಜಿ, ಐಜಿಎಂ ನೋಡುವುದೂ ಇದೇ ಜಾತಿಯದು. ಜನನಾಂಗದ ಈಗಿನ ಸೋಂಕನ್ನು ಅದು ತೋರಿಸುವುದಿಲ್ಲ. ಗಂಡಸರಲ್ಲಿ ಮೂತ್ರದಿಂದ, ಹೆಂಗಸರಲ್ಲಿ ಯೋನಿಯ ಸ್ವ್ಯಾಬ್‌ನಿಂದ ಎನ್‌ಎಎಟಿ (ಪಿಸಿಆರ್ ಬಗೆಯ ಪರೀಕ್ಷೆ) ಮಾಡಬೇಕು, ಸಂಪರ್ಕವಾಗಿ ಎರಡು ವಾರ ಕಳೆದ ಮೇಲೆ. ಮೂತ್ರ ಹಿಡಿಯುವ ಕ್ರಮವನ್ನೂ ನಿಮ್ಮ ಸಿಬ್ಬಂದಿ ತಪ್ಪು ಹೇಳಿಕೊಡುತ್ತಾರೆ. ಯೂರಿನ್ ಕಲ್ಚರ್‌ಗೆ ಹೇಳುವಂತೆ ‘ಮೊದಲು ಸ್ವಲ್ಪ ಬಿಟ್ಟು ನಡುವಿನದನ್ನು ಹಿಡಿಯಿರಿ’ ಎನ್ನುತ್ತಾರೆ. ಇಲ್ಲಿ ಬೇಕಾದದ್ದು ಅದಕ್ಕೆ ತದ್ವಿರುದ್ಧ: ಕನಿಷ್ಠ ಒಂದು ಗಂಟೆ ಮೂತ್ರಕ್ಕೆ ಹೋಗದೆ ಇದ್ದು, ತೊಳೆದುಕೊಳ್ಳದೆ, ಮೊದಲಿಗೆ ಬರುವ 20ರಿಂದ 30 ಮಿಲಿಲೀಟರ್. ನಾಳದ ಗೋಡೆಗೆ ಅಂಟಿದ ಜೀವಕೋಶಗಳು ಆ ಮೊದಲ ಧಾರೆಯಲ್ಲಿಯೇ ಬರುತ್ತವೆ. ಡಬ್ಬಿ ತುಂಬ ಹಿಡಿದರೆ ನೀರು ಬೆರೆಸಿದಂತೆ ತೆಳುವಾಗಿ, ಇದ್ದ ಸೋಂಕೂ ತಪ್ಪಿಹೋಗಬಹುದು.

ಸಿಫಿಲಿಸ್‌ಗೆ ಮಾಡುವ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಒಳ್ಳೆಯ ಪರೀಕ್ಷೆಯೇ, ಆದರೆ ಒಂಟಿಯಾಗಿ ನಂಬುವಂಥದ್ದಲ್ಲ. ಮಲೇರಿಯಾ, ಲೂಪಸ್‌ನಂಥ ಕಾಯಿಲೆ, ಬಸಿರು, ಕೆಲವೊಮ್ಮೆ ಇತ್ತೀಚೆಗೆ ತಗೊಂಡ ಲಸಿಕೆ ಕೂಡ ಅದನ್ನು ಕಡಿಮೆ ಟೈಟರ್‌ನಲ್ಲಿ (ಆ್ಯಂಟಿಬಾಡಿಯ ಕಡಿಮೆ ಮಟ್ಟದಲ್ಲಿ) ಪಾಸಿಟಿವ್ ಮಾಡಬಹುದು. ಟಿಪಿಎಚ್‌ಎ ಎಂಬ ಇನ್ನೊಂದು ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳದೆ ಬರೀ ‘ವಿಡಿಆರ್‌ಎಲ್ ರಿಯಾಕ್ಟಿವ್’ ಎಂದು ಕೊಟ್ಟರೆ ಏನಾಗುತ್ತದೆಂಬುದನ್ನು ಗಲ್ಫ್ ವೀಸಾ ಮೆಡಿಕಲ್‌ಗೆ ಹೊರಟ ಕರಾವಳಿಯ ಹುಡುಗರನ್ನು ಕೇಳಿ. ಇನ್ನೊಂದು: ಸಿಫಿಲಿಸ್ ಹುಣ್ಣು ಕಾಣಿಸಿಕೊಳ್ಳಲು 10ರಿಂದ 90 ದಿನ, ಸಾಮಾನ್ಯವಾಗಿ ಮೂರು ವಾರ ಬೇಕು. ಒಂದನೇ ವಾರದ ವಿಡಿಆರ್‌ಎಲ್‌ಗೆ ಹಣ ತೆಗೆದುಕೊಳ್ಳುವುದು ನ್ಯಾಯವಲ್ಲ.

ಇನ್ನು ದೇಹದ ಮಾತು. ಈ ಭಾಗ ನಿಮ್ಮ ಲ್ಯಾಬಿನ ಹೊರಗೆ ನಡೆಯುವಂಥದ್ದು, ಆದರೆ ನಿಮ್ಮ ವರದಿಗಳೇ ಅದಕ್ಕೆ ಮೇವು. ಹೆದರಿದವರು ದಿನಕ್ಕೆ ಹತ್ತಾರು ಸಲ ಕುತ್ತಿಗೆ, ಕಂಕುಳು, ತೊಡೆಸಂದು ಒತ್ತಿ ಗಡ್ಡೆ ಹುಡುಕುತ್ತಾರೆ. ಒತ್ತಿ ಒತ್ತಿಯೇ ಅಲ್ಲಿ ನೋವು ಬರುತ್ತದೆ. ಕೀವು ಬರುತ್ತದೆಯೇ ಎಂದು ಶಿಶ್ನವನ್ನು ಹಿಂಡಿ ನೋಡುತ್ತಾರೆ. ಮೂತ್ರನಾಳ ಕೆರಳಿ ತುದಿ ಕೆಂಪಾಗುತ್ತದೆ, ತಿಳಿನೀರಿನಂಥ ಹನಿ ಕಾಣುತ್ತದೆ, ಉರಿ ಶುರುವಾಗುತ್ತದೆ. ಡೆಟಾಲ್ ಹಾಕಿ ತೊಳೆದು ಚರ್ಮ ಸುಟ್ಟುಕೊಂಡವರಿದ್ದಾರೆ. ಆತಂಕಕ್ಕೇ ಬೆವರು, ಭೇದಿ, ಪದೇ ಪದೇ ಮೂತ್ರ, ಕೈಕಾಲು ಜೋಮು ಎಲ್ಲ ಬರುತ್ತವೆ. ಶಿಶ್ನದ ತಲೆಯ ಸುತ್ತ ಸಾಲಾಗಿರುವ ಮುತ್ತಿನಂಥ ಸಣ್ಣ ಬೊಕ್ಕೆಗಳು, ತುಟಿಯ ಒಳಗಿನ ಹಳದಿ ಚುಕ್ಕೆಗಳು, ನಾಲಗೆಯ ಹಿಂಭಾಗದ ದೊಡ್ಡ ರುಚಿಮೊಗ್ಗುಗಳು ಹುಟ್ಟಿನಿಂದಲೋ ಹರೆಯದಿಂದಲೋ ಇದ್ದವೇ. ಟಾರ್ಚು ಹಿಡಿದು ಕನ್ನಡಿ ಮುಂದೆ ನಿಂತ ದಿನ ಮೊದಲ ಸಲ ಕಣ್ಣಿಗೆ ಬೀಳುತ್ತವೆ, ಅಷ್ಟೇ.

ಆಮೇಲೆ ಮೆಡಿಕಲ್ ಶಾಪ್. ಯಾವ ಲಕ್ಷಣವೂ ಇಲ್ಲದವರಿಗೆ ‘ಎಲ್ಲಕ್ಕೂ ಆಗುತ್ತದೆ’ ಎಂದು ಅಜಿತ್ರೋಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ, ಜೊತೆಗೆ ಡಾಕ್ಸಿಸೈಕ್ಲಿನ್ ಒಂದು ಕೋರ್ಸು. ಆ್ಯಂಟಿಬಯಾಟಿಕ್ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಂದ ಮೇಲೆ ಕ್ಯಾಂಡಿಡಾ ಶಿಲೀಂಧ್ರ ಎದ್ದು ನಾಲಗೆ ಬೆಳ್ಳಗಾಗುತ್ತದೆ, ಮುಂದೊಗಲಿನಲ್ಲಿ ಕಡಿತ, ಬಿಳಿ ಪದರ ಕಾಣುತ್ತದೆ. ಬಿಳಿ ನಾಲಗೆಯನ್ನು ನೋಡಿದವರು ಅದು ಏಡ್ಸ್‌ನ ಲಕ್ಷಣ ಎಂದು ಓದಿರುತ್ತಾರೆ. ಮತ್ತೆ ನಿಮ್ಮ ಬಾಗಿಲಿಗೆ ಬರುತ್ತಾರೆ, ಈ ಸಲ ಸಿಡಿ4 ಮಾಡಿಸಲು. ಸಿಡಿ4 ಕೌಂಟು ಎಚ್‌ಐವಿ ಪತ್ತೆಯ ಪರೀಕ್ಷೆಯೇ ಅಲ್ಲ. ನಿದ್ದೆಗೆಟ್ಟಾಗ, ಶೀತ ಜ್ವರದಲ್ಲಿ, ದಿನದ ಹೊತ್ತಿಗೆ ತಕ್ಕಂತೆಯೂ ಅದು ಏರಿಳಿಯುತ್ತದೆ. ಆದರೂ ವೈದ್ಯರ ಚೀಟಿ ಇಲ್ಲದೆ ನೀವು ಅದನ್ನು ಮಾಡಿಕೊಡುತ್ತೀರಿ.

ಹೆಚ್ಚು ಪರೀಕ್ಷೆ ಮಾಡಿಸಿಕೊಂಡರೆ ತಪ್ಪೇನು ಎಂದು ನೀವು ಕೇಳಬಹುದು. ಒಂದು ಲೆಕ್ಕ ನೋಡಿ. 10,000 ಜನರಲ್ಲಿ 10 ಮಂದಿಗೆ ಸೋಂಕಿದೆ, ಪರೀಕ್ಷೆಯ ನಿರ್ದಿಷ್ಟತೆ (ಸೋಂಕಿಲ್ಲದವರಿಗೆ ಸರಿಯಾಗಿ ನೆಗೆಟಿವ್ ತೋರಿಸುವ ಪ್ರಮಾಣ) ಶೇ. 99.5 ಎಂದಿಟ್ಟುಕೊಳ್ಳೋಣ. ನಿಜವಾದ ಆ 10 ಜನರ ಜೊತೆಗೆ ಸೋಂಕಿಲ್ಲದ ಸುಮಾರು 50 ಜನರೂ ‘ರಿಯಾಕ್ಟಿವ್’ ಆಗುತ್ತಾರೆ. ಅಂದರೆ ಆರರಲ್ಲಿ ಐದು ಸುಳ್ಳು. ಸರ್ಕಾರಿ ಐಸಿಟಿಸಿಯಲ್ಲಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ) ಮೊದಲ ಕಿಟ್ ರಿಯಾಕ್ಟಿವ್ ಬಂದರೆ ಬೇರೆ ಬೇರೆ ಬಗೆಯ ಇನ್ನೆರಡು ಕಿಟ್‌ಗಳಲ್ಲಿ ನೋಡದೆ ಪಾಸಿಟಿವ್ ಎಂದು ಹೇಳುವುದಿಲ್ಲ. ನಿಮ್ಮಲ್ಲಿ ಕೆಲವರು ಒಂದೇ ಯಂತ್ರದ ಒಂದೇ ರಿಯಾಕ್ಟಿವ್ ಅನ್ನು ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್‌ನಲ್ಲಿ ಪಿಡಿಎಫ್ ಆಗಿ ಕಳಿಸುತ್ತೀರಿ, ಕೆಂಪಕ್ಷರದಲ್ಲಿ. ಆ ಹೊತ್ತಿನಲ್ಲಿ ಅದನ್ನು ತೆರೆದವರ ಪಕ್ಕ ಯಾರೂ ಇರುವುದಿಲ್ಲ.

ಕಾನೂನೂ ನಿಮ್ಮ ಕಡೆಗಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿವಳಿಕೆಯುಳ್ಳ ಸಮ್ಮತಿ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಆ ಸಮ್ಮತಿಯಲ್ಲಿ ಪರೀಕ್ಷೆಗೆ ಮುಂಚಿನ ಮತ್ತು ನಂತರದ ಸಮಾಲೋಚನೆ ಸೇರಿದೆ ಎಂದು 5ನೇ ಕಲಂ ಹೇಳುತ್ತದೆ. ಆ್ಯಪ್‌ನಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿಸಿಕೊಳ್ಳುವುದು ಸಮಾಲೋಚನೆ ಆಗುವುದಿಲ್ಲ.

ಪರೀಕ್ಷೆ ಸಾಕು ಎನ್ನುವ ಹಂತದಲ್ಲೂ ಭಯ ಹೋಗದಿದ್ದರೆ ಅದಕ್ಕೆ ಬೇರೆಯದೇ ಚಿಕಿತ್ಸೆ ಇದೆ, ಇದನ್ನು ನೀವು ತಿಳಿದಿರಬೇಕು. ಭಯದ ಬೇರು ಅನೇಕರಲ್ಲಿ ವೈರಸ್ಸಿನಲ್ಲಿಲ್ಲ. ಹೆಂಡತಿಗೆ ಮೋಸ ಮಾಡಿದೆ, ಅಪ್ಪ ಅಮ್ಮನ ಮರ್ಯಾದೆ ಕಳೆದೆ, ದೇವರು ಶಿಕ್ಷೆ ಕೊಡುತ್ತಾನೆ ಎಂಬ ಪಾಪಪ್ರಜ್ಞೆ ರೋಗದ ರೂಪ ತಾಳಿರುತ್ತದೆ. ಅದಕ್ಕೆ ನೆಗೆಟಿವ್ ವರದಿ ಮದ್ದಾಗದು. ಪ್ರತಿ ವರದಿಯೂ ಕೆಲವು ಗಂಟೆ ನೆಮ್ಮದಿ ಕೊಟ್ಟು, ನೆಮ್ಮದಿ ಬೇಕಾದರೆ ಮತ್ತೆ ಪರೀಕ್ಷೆ ಮಾಡಿಸು ಎಂದು ಮನಸ್ಸಿಗೆ ಅಭ್ಯಾಸ ಮಾಡಿಸುತ್ತದೆ. ನಾವು ಮಾಡುವುದು ಇಷ್ಟು: ಏನು ನಡೆಯಿತೆಂದು ನಾಚಿಕೆಯಾಗದಂತೆ ಕೇಳಿ, ಪರೀಕ್ಷೆ ಬೇಕಿದ್ದರೆ ಯಾವುದು, ಯಾವ ದಿನ ಎಂದು ಕಾಗದದಲ್ಲಿ ಬರೆದುಕೊಟ್ಟು, ಅದರಾಚೆಗೆ ಒಂದೂ ಬೇಡ ಎಂದು ಒಪ್ಪಿಸುವುದು. ಗಡ್ಡೆ ಮುಟ್ಟಿ ನೋಡುವುದನ್ನು, ಮೊಬೈಲಿನಲ್ಲಿ ಲಕ್ಷಣ ಹುಡುಕುವುದನ್ನು ದಿನದಿಂದ ದಿನಕ್ಕೆ ಇಳಿಸುವುದು. ನಿದ್ದೆ, ಕೆಲಸ ಕೆಟ್ಟಿದ್ದರೆ, ಸಾಯುವ ಮಾತು ಬಂದರೆ ತಡಮಾಡದೆ ಮನೋವೈದ್ಯರ ಬಳಿಗೆ ಕಳಿಸುವುದು. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯೂ, ಅಗತ್ಯವಿದ್ದರೆ ಎಸ್‌ಎಸ್‌ಆರ್‌ಐ ಎಂಬ ಖಿನ್ನತೆ, ಆತಂಕ ಇಳಿಸುವ ಮಾತ್ರೆಗಳೂ ಈ ಆತಂಕಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ.

ಆದ್ದರಿಂದ ನಮ್ಮ ಬೇಡಿಕೆಗಳು. ಹರ್ಪಿಸ್ ಐಜಿಎಂ, ಕ್ಲಮೈಡಿಯಾ ಐಜಿಜಿ–ಐಜಿಎಂ, ಸಿಡಿ4 ಇವನ್ನು ಲೈಂಗಿಕ ರೋಗದ ಪ್ಯಾಕೇಜುಗಳಿಂದ ಇವತ್ತೇ ತೆಗೆಯಿರಿ. ಬುಕಿಂಗ್ ಪುಟದಲ್ಲಿ ‘ಏನು ನಡೆಯಿತು, ಯಾವತ್ತು ನಡೆಯಿತು’ ಎಂದು ಕನ್ನಡದಲ್ಲಿ ಕೇಳಿ, ಉತ್ತರಕ್ಕೆ ತಕ್ಕಂತೆ ‘ಈ ಸಂಪರ್ಕಕ್ಕೆ ಎಚ್‌ಐವಿ ಪರೀಕ್ಷೆ ಬೇಕಿಲ್ಲ’ ಎಂದೋ ‘ಇನ್ನೂ ಬೇಗವಾಯಿತು, ಇಂಥ ದಿನ ಬನ್ನಿ’ ಎಂದೋ ಹೇಳಿ. ರಿಯಾಕ್ಟಿವ್ ವರದಿಯನ್ನು ಖಚಿತಪಡಿಸಿಕೊಳ್ಳದೆ ಮೊಬೈಲಿಗೆ ಕಳಿಸಬೇಡಿ. ಕರೆಸಿ, ಕೂರಿಸಿ, ಖುದ್ದಾಗಿ ಹೇಳಿ, ಐಸಿಟಿಸಿಗೆ ದಾರಿ ತೋರಿಸಿ. ಅಲ್ಲಿ ಪರೀಕ್ಷೆ ಉಚಿತ, ಗುಟ್ಟೂ ಉಳಿಯುತ್ತದೆ.

ನಿಜವಾಗಿ ಅಪಾಯ ಇದ್ದವರನ್ನು ಮಾತ್ರ ಒಂದು ಗಳಿಗೆಯೂ ಕಾಯಿಸಬೇಡಿ. ಕಾಂಡೋಮ್ ಹರಿದಿದ್ದರೆ, ಅಥವಾ ಕಾಂಡೋಮ್ ಇಲ್ಲದ ಯೋನಿ ಅಥವಾ ಗುದ ಸಂಭೋಗ ನಡೆದು 72 ಗಂಟೆ ಕಳೆದಿಲ್ಲದಿದ್ದರೆ, ರಕ್ತ ತೆಗೆಯುತ್ತ ಕೂರದೆ ಎಆರ್‌ಟಿ ಕೇಂದ್ರವಿರುವ ಆಸ್ಪತ್ರೆಗೆ ಕಳಿಸಿ. ಪಿಇಪಿ, ಅಂದರೆ ಸಂಪರ್ಕದ ನಂತರ ಎಚ್‌ಐವಿ ತಗಲದಂತೆ ಕೊಡುವ ಮಾತ್ರೆ, ಬೇಕೆಂದು ವೈದ್ಯರು ನಿರ್ಧರಿಸಿದರೆ 28 ದಿನ ಮಾತ್ರೆ ನುಂಗಬೇಕು, ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಪಿಇಪಿ ತಗೊಂಡವರಿಗೆ ವಿಂಡೋ ಅವಧಿಯನ್ನು ಮಾತ್ರೆ ಮುಗಿದ ದಿನದಿಂದ ಎಣಿಸಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದವರಿಗೆ 0, 1, 6ನೇ ತಿಂಗಳ ಮೂರು ಡೋಸ್ ನೆನಪಿಸಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಬಂದರೆ ಅದು ಪ್ಯಾಕೇಜಿನ ಪ್ರಶ್ನೆಯೇ ಅಲ್ಲ. ತಕ್ಷಣ ಆಸ್ಪತ್ರೆಗೆ ಸೇರಿಸಬೇಕು, ಅವರಿಗೆ ಉಚಿತ ಚಿಕಿತ್ಸೆ ಕೊಡುವುದು ಆಸ್ಪತ್ರೆಗಳ ಕಾನೂನುಬದ್ಧ ಕರ್ತವ್ಯ.

ಕೊನೆಯದಾಗಿ, ನಾಲ್ಕನೇ ತಲೆಮಾರಿನ ಪರೀಕ್ಷೆಯ ಪ್ರತಿ ನೆಗೆಟಿವ್ ಎಚ್‌ಐವಿ ವರದಿಯ ಕೆಳಗೆ ಈ ಸಾಲುಗಳನ್ನು ಓದುವಷ್ಟು ದಪ್ಪಕ್ಷರದಲ್ಲಿ ಅಚ್ಚು ಮಾಡಿಸಿ. ಇದಕ್ಕೆ ನಮ್ಮ ಅನುಮತಿ ಬೇಕಿಲ್ಲ:

“ನಿಮ್ಮ ಫಲಿತಾಂಶ ನಾನ್ ರಿಯಾಕ್ಟಿವ್, ಅಂದರೆ ನೆಗೆಟಿವ್. ಪಕ್ಕದ ಅಂಕಿ 1.0ಕ್ಕಿಂತ ಕಡಿಮೆ ಎಷ್ಟೇ ಇದ್ದರೂ ಅರ್ಥ ಒಂದೇ. ತೋಳಿನ ರಕ್ತದಿಂದ ಮಾಡಿದ ಈ ನಾಲ್ಕನೇ ತಲೆಮಾರಿನ ಪರೀಕ್ಷೆ ಸಂಪರ್ಕವಾಗಿ 45 ದಿನ ಕಳೆದ ಮೇಲೆ ಆಗಿದ್ದರೆ, ಮತ್ತು ನೀವು ಪಿಇಪಿ ಮಾತ್ರೆ ತಗೊಂಡಿಲ್ಲದಿದ್ದರೆ, ಆ ಸಂಪರ್ಕಕ್ಕೆ ಇನ್ನೊಂದು ಪರೀಕ್ಷೆ ಬೇಕಿಲ್ಲ. ಎಚ್‌ಐವಿ ಬಗ್ಗೆ ಕೇಳಲು ಸಹಾಯವಾಣಿ 1097, ಭಯ ಬಿಡದೆ ಕಾಡುತ್ತಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಎರಡೂ ಉಚಿತ.”

ಇತಿ,
ಲೈಂಗಿಕ ಆರೋಗ್ಯ ಚಿಕಿತ್ಸೆ ಮತ್ತು ಆಪ್ತಸಮಾಲೋಚನೆಯಲ್ಲಿ ತೊಡಗಿರುವವರು